ಇಪ್ಪತ್ತನಾಲ್ಕೂವರೆ ಇಂಚಿನ ಬಾಗಿಲು

ನಾನು ಅಂಧೇರಿಯಲ್ಲಿ ಲಿಫ್ಟ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಡ್ರಾಯಿಂಗ್ ಮಾಡುವವನು. ಕಂಪ್ಯೂಟರಿನ ಮುಂದೆ ಕೂತು ಕೂತು ಕುತ್ತಿಗೆ ಸವೆದು ಹೋಗಿದೆ. ನಮ್ಮಲ್ಲಿ ಲಿಫ್ಟಿನ ಪ್ರತಿ ಭಾಗಕ್ಕೂ ಎರಡು ರೂಪ ಮಾಡಿಟ್ಟಿರುತ್ತೇವೆ. ಒಂದಕ್ಕೆ ‘ಫುಲ್’ ಎನ್ನುತ್ತೇವೆ. ಅದರಲ್ಲಿ ಸ್ಕ್ರೂ, ಸ್ಪ್ರಿಂಗ್, ತಗಡಿನ ಮಡಿಕೆ, ಯಾವುದನ್ನೂ ಬಿಟ್ಟಿರುವುದಿಲ್ಲ. ಇನ್ನೊಂದು ‘ಲೈಟ್’, ಅದರಲ್ಲಿ ಅದೇ ಭಾಗ ಬೋಳು ಪೆಟ್ಟಿಗೆ. ಇಡೀ ಲಿಫ್ಟನ್ನು ಫುಲ್‌ನಲ್ಲಿ ತೆರೆದರೆ ನಮ್ಮ ಹಳೆಯ ಕಂಪ್ಯೂಟರುಗಳು ಏದುಸಿರು ಬಿಡುತ್ತವೆ, ಎರಡು ಸಲ ಚಹಾ ಕುಡಿದು ಬಂದರೂ ತೆರೆದುಕೊಂಡಿರುವುದಿಲ್ಲ. ಹಾಗಾಗಿ ಲಿಫ್ಟು ಕಟ್ಟಡದಲ್ಲಿ ಎಲ್ಲಿ ಕೂರುತ್ತದೆಂದು ನೋಡಲು ಲೈಟ್, ಅಳತೆ ತೆಗೆಯಲು ಫುಲ್. ಈ ನಿಯಮವನ್ನು ಹೊಸಬರಿಗೆ ಗಂಟಲು ಹರಿಯುವಂತೆ ಹೇಳುತ್ತಿದ್ದವನು ನಾನೇ. ಲೈಟ್‌ನಲ್ಲಿ ಅಳತೆ ತೆಗೆದವನೊಬ್ಬನ ಮರ್ಯಾದೆಯನ್ನು ಎಲ್ಲರೆದುರು ಕಳೆದದ್ದೂ ಉಂಟು.

ಅವ್ವನಿಗೆ ಲಕ್ವ ಹೊಡೆದು ಆಗ ಎರಡು ವರ್ಷವಾಗಿತ್ತು. ಬಲಗೈ, ಬಲಗಾಲು ಹೋದವು. ಮಾತು ಮಾತ್ರ ಒಂದು ಚೂರೂ ಕುಗ್ಗಲಿಲ್ಲ. ಮಲಾಡಿನ ಹಳೆಯ ಬಿಲ್ಡಿಂಗಿನಲ್ಲಿ ನಮ್ಮದು ಮೂರನೆಯ ಮಹಡಿ, ಲಿಫ್ಟ್ ಇರಲಿಲ್ಲ. ವಿಜಾಪುರದ ಕಡೆಯಿಂದ ಅಪ್ಪನ ಜೊತೆ ಬಂದು, ಇದೇ ಊರಿನಲ್ಲಿ ಸಿಮೆಂಟಿನ ಬುಟ್ಟಿ ಹೊತ್ತು ಕಂಡವರ ಮಹಡಿಗಳನ್ನು ಹತ್ತಿದ ಹೆಂಗಸು ಅವಳು. ಈಗ ಡಾಕ್ಟರ ಹತ್ತಿರ ಹೋಗಬೇಕೆಂದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಗಂಡಸರು ಎತ್ತಿಕೊಂಡು ಇಳಿಸಬೇಕಿತ್ತು. ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಕುರ್ಚಿ ವಾಲುತ್ತಿತ್ತು, ಯಾರಾದರೂ ಗಾಬರಿಯಿಂದ ಅವಳ ಸೊಂಟಕ್ಕೋ ಕಂಕುಳಿಗೋ ಕೈ ಹಾಕುತ್ತಿದ್ದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡುಬಿಡುತ್ತಿದ್ದಳು. ಆರೇಳು ಸಲ ಹೀಗಾದ ಮೇಲೆ, ಇನ್ನು ತನ್ನನ್ನು ಯಾರೂ ಎತ್ತಕೂಡದು ಎಂದು ಕಡ್ಡಿ ಮುರಿದಂತೆ ಹೇಳಿದಳು. ಅಂದಿನಿಂದ ಡಾಕ್ಟರು ಫೋನಿನ ವಿಡಿಯೋದಲ್ಲೇ ಅವಳನ್ನು ನೋಡತೊಡಗಿದರು.

ಅಷ್ಟರಲ್ಲಿ ಬಿಲ್ಡಿಂಗಿನ ಮನೆಯವರೆಲ್ಲ ಸೇರಿದ ನಮ್ಮ ಸೊಸೈಟಿ ಮೆಟ್ಟಿಲಿನ ಗೋಡೆಗೆ ಹೊರಗಿನಿಂದ ಲಿಫ್ಟ್ ಕೂರಿಸಲು ತೀರ್ಮಾನಿಸಿತು. ಕೆಲಸ ನನ್ನ ಮೂಲಕ ನಮ್ಮ ಕಂಪನಿಗೇ ಬಂತು. ಮನೆಯಲ್ಲಿ ವೀಲ್‌ಚೇರಿನಲ್ಲಿ ಕೂತರೆ ಗೇಟಿನ ತನಕ ಒಬ್ಬರೂ ನಿನ್ನನ್ನು ಮುಟ್ಟಬೇಕಾಗಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟೆ. ಅವಳು ಡಾಕ್ಟರ ಮಾತೇ ಎತ್ತಲಿಲ್ಲ. ಮೊದಲು ಮಾರ್ಕೆಟ್ಟಿಗೆ ಹೋಗಬೇಕಂತೆ. ನಾನು ತರುವ ಬದನೆಕಾಯಿಗಳೆಲ್ಲ ಬೀಜ ಕಟ್ಟಿದ ಮುದಿ ಕಾಯಿಗಳು, ಅಂಗಡಿಯವನು ನನ್ನ ಮುಖ ನೋಡಿಯೇ ಟೋಪಿ ಹಾಕುತ್ತಾನೆ ಎಂಬುದು ಅವಳ ಹಳೆಯ ತಕರಾರು.

ಸೊಸೈಟಿಯ ಸೆಕ್ರೆಟರಿ, ರಿಟೈರ್ ಆದ ಮರಾಠಿ ಮೇಷ್ಟ್ರು, ಕೈಯಲ್ಲಿ ಎಳೆದು ತೆರೆಯುವ ಮಾಮೂಲಿ ಬಾಗಿಲು ಸಾಕು ಎಂದಿದ್ದರು. ಬೇಡ, ವಯಸ್ಸಾದವರಿಗೆ ಎಳೆಯಲು ಆಗುವುದಿಲ್ಲ, ತಾನಾಗಿ ಸರಿಯುವ ಬಾಗಿಲೇ ಇರಲಿ ಎಂದು ಹಟ ಹಿಡಿದವನು ನಾನು. ಒಂದು ಮಧ್ಯಾಹ್ನ ಅವರು ಆಫೀಸಿಗೆ ಫೋನ್ ಮಾಡಿ, ಆ ಬಾಗಿಲಿನಲ್ಲಿ ನಿಮ್ಮ ತಾಯಿಯ ಕುರ್ಚಿ ಹೋಗುತ್ತದೆ ತಾನೇ, ಅಳತೆ ನೋಡಿ ಹೇಳಿ ಎಂದರು. ಫುಲ್ ತೆರೆಯಲು ಹೋದೆ, ಕಂಪ್ಯೂಟರ್ ಕಲ್ಲಾಯಿತು. ಅವರು ಫೋನಿನಲ್ಲಿ ಕಾಯುತ್ತಿದ್ದರು. ಲೈಟ್ ತೆರೆದು ಅಳೆದೆ. ಇಪ್ಪತ್ತೆಂಟು ಇಂಚು. ನಮ್ಮ ಕುರ್ಚಿ ಇಪ್ಪತ್ತಾರು. ಆರಾಮಾಗಿ ಹೋಗುತ್ತದೆ ಎಂದೆ.

ತಾನಾಗಿ ಸರಿಯುವ ಬಾಗಿಲಿನ ಹಲಗೆಗಳು ಪೂರ್ತಿ ಮರೆಯಾಗಬೇಕಾದರೆ ಪಕ್ಕದಲ್ಲಿ ಜಾಗ ಬೇಕು. ನಮ್ಮ ಕಟ್ಟಡದ ಪಕ್ಕದಲ್ಲಿ ಅಷ್ಟು ಜಾಗವಿರಲಿಲ್ಲ, ಹಾಗಾಗಿ ಬಾಗಿಲು ತೆರೆದಾಗಲೂ ಹಲಗೆಯ ಅಂಚು ದಾರಿಯಲ್ಲೇ ನಿಲ್ಲುತ್ತದೆ. ಲೈಟ್‌ನಲ್ಲಿ ಹಲಗೆಗಳೇ ಇರಲಿಲ್ಲ, ಬರೀ ಒಂದು ತೂತು. ಭಾರ ಕಡಿಮೆ ಮಾಡಲೆಂದು ವರ್ಷಗಳ ಹಿಂದೆ ಅವುಗಳನ್ನು ನನ್ನ ಕೈಯಾರೆ ತೆಗೆದುಹಾಕಿದ್ದೆ. ಆಮೇಲೆ ಫುಲ್‌ನಿಂದ ತೆಗೆದ ಡ್ರಾಯಿಂಗಿನಲ್ಲಿ ಸರಿಯಾದ ಅಳತೆಯೇ ಅಚ್ಚಾಗಿತ್ತು. ನಾನು ನೋಡಲೇ ಇಲ್ಲ. ನನಗೆ ಗೊತ್ತಲ್ಲ ಎಂದುಕೊಂಡು ಸಹಿ ಗೀಚಿದೆ.

ಲಿಫ್ಟ್ ಶುರುವಾದ ಭಾನುವಾರ ಬೆಳಿಗ್ಗೆ ಕೆಳಗೆ ತೆಂಗಿನಕಾಯಿ ಒಡೆದರು, ಪೇಡೆ ಹಂಚಿದರು. ಅವ್ವ ಬೆಳಗಾಗುವ ಮೊದಲೇ ಎದ್ದು, ಪಕ್ಕದ ಮನೆಯಾಕೆಯಿಂದ ತಲೆ ಬಾಚಿಸಿಕೊಂಡು, ಇಳಕಲ್ ಸೀರೆ ಉಡಿಸಿಕೊಂಡು, ತೊಡೆಯ ಮೇಲೆ ಕಾಯಿಪಲ್ಯದ ಚೀಲ ಇಟ್ಟುಕೊಂಡು ಕೂತಿದ್ದಳು. ಮೂರನೆಯ ಮಹಡಿಯಲ್ಲಿ ಬಾಗಿಲು ಸರಿಯಿತು. ಕುರ್ಚಿ ತಳ್ಳಿದೆ. ಚಕ್ರ ಅಂಚಿಗೆ ಬಡಿದು ನಿಂತಿತು. ಸ್ವಲ್ಪ ಓರೆ ಮಾಡಿ ತಳ್ಳಿದೆ. ಮತ್ತೆ ತಳ್ಳಿದೆ. ಮೂರನೆಯ ಸಲಕ್ಕೆ ನನಗೆ ಎಲ್ಲ ತಿಳಿದುಹೋಯಿತು, ಆದರೂ ಏನು ಮಾಡಬೇಕೆಂದು ತೋಚದೆ ತಳ್ಳುತ್ತಲೇ ಇದ್ದೆ. ಕುರ್ಚಿ ಮಡಚೋಣ, ಆಂಟಿಯನ್ನು ಎತ್ತಿ ಒಳಗೆ ಸ್ಟೂಲಿನ ಮೇಲೆ ಕೂರಿಸೋಣ ಎಂದು ಅಲ್ಲಿ ನೆರೆದಿದ್ದವರಲ್ಲಿ ನಾಲ್ಕು ಜನ ಪಾಪ ಅಂಗಿಯ ತೋಳು ಮಡಚಿದರು. ಅವ್ವ ನನ್ನ ಮುಖ ನೋಡಿದಳು.

“ಬ್ಯಾಡ,” ಎಂದಳು, ಅಷ್ಟೇ.

ಕುರ್ಚಿಯನ್ನು ಮನೆಯ ಕಡೆಗೆ ತಿರುಗಿಸಿದೆ. ಅವಳು ಚೀಲವನ್ನು ಮಡಚಿ ನನ್ನ ಕೈಗೆ ಕೊಟ್ಟಳು.

ಆಮೇಲೆ ನಾನು ಅಲೆಯದ ಜಾಗವಿಲ್ಲ. ಗ್ರಾಂಟ್ ರೋಡಿನ ಕಡೆಯ ಅಂಗಡಿಯೊಂದರಿಂದ ಕಿರಿದಾದ ವೀಲ್‌ಚೇರ್ ತಂದೆ. ಅದರಲ್ಲಿ ಅವಳ ಸೊಂಟ ಇಳಿಯಲಿಲ್ಲ, ಕೈಯಿಡುವ ಹಿಡಿಕೆ ಒತ್ತಿ ಕೆಂಪಗೆ ಬರೆ ಎದ್ದಿತು. ಬಾಗಿಲು ಬದಲಿಸೋಣ ಎಂದು ಸೆಕ್ರೆಟರಿಯ ಹತ್ತಿರ ಹೋದೆ. ಲಿಫ್ಟಿನ ಕಂಬ ಬಿಚ್ಚಬೇಕು, ಪ್ರತಿ ಮಹಡಿಯ ಗೋಡೆ ಮತ್ತೆ ಒಡೆಯಬೇಕು, ಹೊಸದಾಗಿ ಪರವಾನಗಿ ತರಬೇಕು, ಉಳಿದ ಮನೆಯವರೆಲ್ಲ ಖುಷಿಯಾಗಿದ್ದಾರಲ್ಲ ಎಂದರು. ಅವರು ಕೆಟ್ಟವರಲ್ಲ, ಹೇಳುವಾಗ ಅವರ ಮುಖವೂ ಸಣ್ಣದಾಗಿತ್ತು. ಆಫೀಸಿನಲ್ಲಿ ನಮ್ಮ ಸಾಹೇಬರು ಡ್ರಾಯಿಂಗ್ ತೆಗೆದು, ಅಳತೆಯ ಮೇಲೊಮ್ಮೆ, ನನ್ನ ಸಹಿಯ ಮೇಲೊಮ್ಮೆ ಬೆರಳಿಟ್ಟರು. ಜಗಳ ಆಡಲು ಕೂಡ ನನಗೆ ಯಾರೂ ಸಿಗಲಿಲ್ಲ.

ಇದಕ್ಕಿಂತ ಹೆಚ್ಚು ಸುಟ್ಟದ್ದು ಅವ್ವನ ಮಾತು. ಬಂದವರಿಗೆಲ್ಲ, ಕುರ್ಚಿ ಮಾಡಿದವನು ಅಡ್ಡಾದಿಡ್ಡಿ ಮಾಡಿದ್ದಾನೆ, ನನ್ನ ಮಗ ಅಳತೆಯಲ್ಲಿ ತಪ್ಪುವವನಲ್ಲ ಎಂದು ಹೇಳುತ್ತಿದ್ದಳು. ಮನೆಗೆ ಬಂದ ನೆಂಟರೂ ಹೌದೆಂದು ತಲೆಯಾಡಿಸುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಕಳ್ಳನ ಹಾಗೆ ಕೂತಿರುತ್ತಿದ್ದೆ.

ಕೊನೆಗೆ ಒಂದು ರಜೆಯ ದಿನ ಲ್ಯಾಪ್‌ಟಾಪ್ ಅವಳ ಮುಂದಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಮೊದಲು ಲೈಟ್ ತೋರಿಸಿದೆ, ಆಮೇಲೆ ಬಾಗಿಲೊಂದನ್ನೇ ಫುಲ್‌ನಲ್ಲಿ ತೆರೆದು, ದಾರಿಯಲ್ಲಿ ನಿಂತ ಅಂಚನ್ನು ತೋರಿಸಿದೆ. ಇಪ್ಪತ್ತನಾಲ್ಕೂವರೆ ಎಂದೆ. ಅವಳು ಬಗ್ಗಿ ಪರದೆಯ ಮೇಲಿನ ಆ ಅಂಚನ್ನು ಬೆರಳಿನಿಂದ ಮುಟ್ಟಿದಳು.

“ಅಂದ್ರ ಬಾಗಿಲಾ ತಗದಿಟ್ಟು ಬಾಗಿಲಾ ಅಳದಿ,” ಎಂದಳು.

ಹೌದೆಂದೆ. ಏನಾದರೂ ದಾರಿ ಹುಡುಕುತ್ತೇನೆ ಎಂದು ತೊದಲಿದೆ. ನನ್ನಲ್ಲಿ ಯಾವ ದಾರಿಯೂ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು. ಎಡಗೈಯಿಂದ ನನ್ನ ಮೊಣಕೈ ಹಿಡಿದುಕೊಂಡಳು.

“ಇರ್ಲಿ ಬಿಡು ತಮ್ಮಾ. ಇನ್ನೊಂದ್ ಸಲ ಇಳಿಯೂದು ಇದ್ದೇ ಐತಿ. ಅವತ್ತ ನಾಕು ಮಂದಿ ಎತ್ತಿದ್ರ ನನಗೇನ್ ತಿಳೀತೈತಿ?”