ಕುರಿ ನಿಲ್ಲದ ಹೊಲ

ಈ ಸೇಡಿಗೆ ನಾನು ತೆತ್ತದ್ದು ಒಂದು ಇಡೀ ಬೇಸಿಗೆಯ ದಲಾಲಿ, ಜೊತೆಗೆ ತೇರದಾಳದ ಕಡೆಯ ನನ್ನ ಅತಿ ದೊಡ್ಡ ಗಿರಾಕಿ. ಅವನ ಬೀಗರೂ ಅವನ ಹಿಂದೆಯೇ ನನ್ನನ್ನು ಬಿಟ್ಟು ಹೋದರು. ಕುರಿ ಹೋಗುವ ಒಂದು ದಾರಿಗಾಗಿ ಇಷ್ಟು ಖರ್ಚೇ ಎಂದು ಮನೆಯಲ್ಲಿ ಕೇಳಿದರು. ದಾರಿಗಾಗಿ ಅರ್ಧ, ಅವನ ಸೊಕ್ಕಿಗಾಗಿ ಅರ್ಧ ಎಂದೆ.

ನನ್ನ ಕಸುಬು ಹೊಲಗಳಲ್ಲಿ ಕುರಿ ನಿಲ್ಲಿಸುವುದು. ಫಸಲು ತೆಗೆದ ಹೊಲದಲ್ಲಿ ಹಿಂಡು ರಾತ್ರಿ ಮಲಗಿದರೆ ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಬೀಳುತ್ತವೆ. ಅದಕ್ಕೆ ಹೊಲದವರು ಕುರುಬರಿಗೆ ಜೋಳ, ರೊಕ್ಕ ಕೊಡುತ್ತಾರೆ. ಇಬ್ಬರನ್ನೂ ಕೂಡಿಸಿದ್ದಕ್ಕೆ ನನಗೊಂದು ಪಾಲು. ಅರಿಶಿನ ಹಾಕುವವರಿಗಂತೂ ಮಳೆಗೆ ಮುಂಚೆ ಕುರಿ ಬೇಕೇ ಬೇಕು.

ಹಿಂಡುಗಳು ಬೀಳಗಿ ಕಡೆಯ ಗುಡ್ಡದಿಂದ ಇಳಿದು, ಊರ ಗೋಮಾಳದ ಇಳಿಜಾರಿನಲ್ಲಿ ಮೇಯುತ್ತ ಗಲಗಲಿಯ ಹೊಳೆದಂಡೆಗೆ ಬಂದು, ಅಲ್ಲಿಂದ ಪಡುವಣಕ್ಕೆ, ತೇರದಾಳದ ಹೊಲಗಳ ಕಡೆ ತಿರುಗುತ್ತವೆ. ಆ ಇಳಿಜಾರು ಮುಚ್ಚಿದರೆ ಉಳಿಯುವುದು ಡಾಂಬರು ರಸ್ತೆ, ಕಬ್ಬಿನ ಟ್ರ್ಯಾಕ್ಟರು.

ನಮ್ಮ ಭಾಗದ ಅಭಿವೃದ್ಧಿ ಯೋಜನೆಯ ಕರಡು ಸಿದ್ಧವಾದಾಗ ಗೋಡೆಗೆ ನಕಾಶೆ ತೂಗಿಹಾಕಿ ಸಭೆ ಕರೆದರು. ಉದ್ಯೋಗ, ಜನ, ಪರಿಸರ ಮೂರನ್ನೂ ಸಮ ತೂಗಿದ್ದೇವೆ ಎಂದರು ಅಧಿಕಾರಿ. ಕೈಗಾರಿಕೆಗೆ ಒಂದು ಬಣ್ಣ, ಮನೆಗಳಿಗೆ ಒಂದು, ಗಿಡಗಳಿಗೆ ಹಸಿರು. ಹಸಿರು ನಮ್ಮ ಇಳಿಜಾರಿನ ಮೇಲೆಯೇ ಕೂತಿತ್ತು. ಸುತ್ತ ತಂತಿಬೇಲಿ. ಮೂರು ಬಣ್ಣದೊಳಗೆ ಎಲ್ಲಿಯೂ ಕುರಿ ಇರಲಿಲ್ಲ.

ಸಲಹಾ ಸಮಿತಿಯಲ್ಲಿ ನನ್ನ ಗಿರಾಕಿ ಅರಿಶಿನದ ಸಾಹುಕಾರನೂ ಇದ್ದ. "ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ" ಎಂದು ಹಿಂದಿನ ದಿನವೇ ಕುರುಬರಿಗೆ ಮಾತು ಕೊಟ್ಟಿದ್ದ. ಸಭೆಯಲ್ಲಿ ಎದ್ದು ನಿಂತವನು, "ಗಿಡಾ ಹಚ್ಚೂದು ಛಲೋ ಕೆಲಸರೀ. ಕುರಿಯವರೇನು, ರಸ್ತೆ ಬಾಜೂಕ ಹಿಡದ ಹೋಗ್ತಾರ" ಎಂದ. ಅದೇ ಕೂಟದಲ್ಲಿ ಅವನ ಗೋದಾಮಿಗೆ ಹೋಗುವ ರಸ್ತೆ ಯೋಜನೆಯೊಳಗೆ ಸೇರಿತು.

ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ಯಾಕಲೇ, ಮಾರಿ ಸಪ್ಪಗಾತು? ನಿನ್ನ ಕುರಿಗಿ ನಕಾಶಿ ಓದಾಕ ಬರ್ತೈತೇನು?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ವ್ಯಾಪಾರದವನು ಬೈಸಿಕೊಂಡ ದಿನ ತಿರುಗಿ ಬೈದರೆ ಅಲ್ಲಿಗೆ ಲೆಕ್ಕ ಚುಕ್ತಾ ಆಗಿಬಿಡುತ್ತದೆ. ನನಗೆ ಅದು ಬೇಕಿರಲಿಲ್ಲ.

ಯೋಜನೆ ಇನ್ನೂ ಕರಡಿನಲ್ಲಿರುವಾಗಲೇ ಬೇಲಿಯ ಕಂಬ ಬಂದವು. ಹಿಂಡು ರಸ್ತೆ ಹಿಡಿಯಿತು. ನನ್ನನ್ನು ಈ ಕಸುಬಿಗೆ ಹಚ್ಚಿದ ಹಿರಿಯ ಕುರುಬ ಲಾರಿಗೆ ಸಿಕ್ಕ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದ. "ಮುಂದಿನ ವರ್ಷ ಈ ಹಿಂಡ ಇರೂದಿಲ್ಲೋ ತಮ್ಮಾ. ಎಲ್ಲಾ ಮಾರಿ ಕೈ ತೊಳ್ಕೊತೀನಿ."

ಅಂದೇ ಪ್ರತಿ ಹಿಂಡಿನವರ ಹತ್ತಿರ ಹೋದೆ. ಸಾಹುಕಾರನ ಹೊಲದ ಸುತ್ತ ಎಲ್ಲರ ಹೊಲದಲ್ಲೂ ಕುರಿ ನಿಲ್ಲಲಿ, ಅವನದರಲ್ಲಿ ಒಂದು ಮರಿಯೂ ಕಾಲಿಡಬಾರದು ಎಂದೆ. ನಷ್ಟವಾದವರಿಗೆ ನನ್ನ ಪಾಲಿನಿಂದ ತುಂಬಿಕೊಟ್ಟೆ. ಅವನ ಬದುವಿನ ನಾಲ್ಕೂ ಕಡೆ ಕುರಿ ಒದರುತ್ತಿದ್ದವು. ನಡುವೆ ಅವನ ನೆಲ ಬೋಳು.

ಮಳೆ ಹತ್ತಿರ ಬಂದು ಮುಗಿಲು ಕಪ್ಪಾಗುವ ಹೊತ್ತಿಗೆ ಅವನೇ ಕುರಿ ಸಂತೆಗೆ ಬಂದ. ನಮ್ಮಲ್ಲಿ ಚೌಕಾಸಿ ಟವೆಲಿನ ಕೆಳಗೆ, ಬೆರಳು ಹಿಡಿದು ನಡೆಯುತ್ತದೆ. ಪಕ್ಕದವನಿಗೂ ದರ ತಿಳಿಯುವುದಿಲ್ಲ. ಅವನು ಟವೆಲು ಹೊದಿಸಿ ನನ್ನ ಕೈ ಹಿಡಿದ. ನಾನು ಟವೆಲು ಸರಿಸಿದೆ.

"ಇವತ್ತ ಬಾಯಿಲೆ ಮಾತಾಡ್ರಿ ಸಾಹುಕಾರ್ರ. ಎಲ್ಲಾರೂ ಕೇಳ್ಲಿ."

"ಎಷ್ಟ ಬೇಕ ಹೇಳಪಾ."

"ರೊಕ್ಕ ಬ್ಯಾಡ. ಬೇಲಿಯೊಳಗ ಕುರಿ ದಾರಿ ಬೇಕು."

"ಅದು ಸರಕಾರದ ನಕಾಶಿ. ನನ್ನ ಕೈಯಾಗ ಏನೈತಿ?"

"ಅಳಸಾಕ ಕೈ ಇತ್ತು, ಬರಸಾಕ ಇಲ್ಲೇನ್ರಿ?"

ಸಂತೆಯ ಮಂದಿ ಹೋ ಎಂದರು. ಅವನ ಕಿವಿ ಕೆಂಪಗಾದದ್ದನ್ನು ಇಂದಿಗೂ ನೆನೆಸಿಕೊಂಡು ಚಹಾ ಕುಡಿಯುತ್ತೇನೆ.

ಕರಡಿನ ಮೇಲೆ ಆಕ್ಷೇಪಣೆ ಕೇಳುವ ಸಭೆಯಲ್ಲಿ ಅವನು ಕುರಿ ಸಿಗುವ ಆಸೆಗೆ ಎದ್ದು ನಿಂತು, ನಾನು ಕಲಿಸಿದ್ದನ್ನು ಸಾಲಿ ಹುಡುಗನಂತೆ ಒಪ್ಪಿಸಿದ: ಹಿಕ್ಕೆಯಿಂದ ಅರಿಶಿನ, ಅರಿಶಿನದಿಂದ ಪೇಟೆ; ದಾರಿಯಿಂದ ಕುರುಬರ ಮನೆ ನಡೆಯುತ್ತದೆ; ಕುರಿ ಮೇಯ್ದರೆ ಒಣಹುಲ್ಲು ಬೆಂಕಿಗೆ ಸಿಗುವುದಿಲ್ಲ, ಗಿಡ ಉಳಿಯುತ್ತವೆ. ಉದ್ಯೋಗ, ಜನ, ಪರಿಸರ ಮೂರೂ ಒಂದೇ ದಾರಿಯಲ್ಲಿ ಸಿಕ್ಕರೆ ನಮಗೇನು ತಕರಾರು ಎಂದರು ಅಧಿಕಾರಿ. ಹಸಿರಿನ ನಡುವೆ ದಾರಿಯ ಗೆರೆ ಬಿತ್ತು. ಹಿರಿಯ ಕುರುಬ ಹಿಂಡು ಮಾರಲಿಲ್ಲ.

"ಇನ್ನ ಅವನ ಹೊಲಕ್ಕ ಹೋಗೂಣೇನು?" ಎಂದು ಹಿರಿಯ ಕೇಳಿದ.

"ಎಲ್ಲಾರದೂ ಮುಗೀಲಿ" ಎಂದೆ.

ಎಲ್ಲರದೂ ಮುಗಿಯುವ ಮೊದಲೇ ಮಳೆ ಬಂತು. ಅವನು ಬರಿ ನೆಲಕ್ಕೇ ಅರಿಶಿನ ಹಾಕಿದ. ಆ ವರ್ಷ ಅವನ ಸೊರಗಿದ ಪೈರಿನ ಮುಂದೆ ಬೈಕು ನಿಲ್ಲಿಸಿ ಕಣ್ತುಂಬ ನೋಡಿದೆ. ಮರುಕ ಬರಲಿಲ್ಲ, ಬರಿಸಿಕೊಳ್ಳಲೂ ಹೋಗಲಿಲ್ಲ. ಅವನು ಈಗ ಬೇರೆ ದಲಾಲಿಯ ಗಿರಾಕಿ.

ನಿಮ್ಮೂರಿಗೂ ನಕಾಶೆ ಬರುತ್ತದೆ. ಬಂದಾಗ ಅಳುತ್ತ ಕಚೇರಿಗೆ ಹೋಗಬೇಡಿ. ಸಮಿತಿಯಲ್ಲಿರುವವರಲ್ಲಿ ಯಾರಿಗೆ ನಿಮ್ಮಿಂದ ಏನು ಬೇಕು, ಯಾವ ತಿಂಗಳಲ್ಲಿ ಬೇಕು ಎಂದು ಮೊದಲು ನೋಡಿ. ಆ ತಿಂಗಳವರೆಗೆ ಸುಮ್ಮನಿರಿ, ಆದರೆ ಆಕ್ಷೇಪಣೆಯ ಗಡುವು ದಾಟಗೊಡಬೇಡಿ. ಮಾತನ್ನು ನಾಲ್ಕು ಮಂದಿಯ ಎದುರಿಗೇ ಆಡಿಸಿ. ಗೆರೆ ಬೀಳುವ ತನಕ ನಿಮ್ಮ ಕೈಲಿರುವುದನ್ನು ಕೊಡಬೇಡಿ. ಗೆರೆ ಬಿದ್ದ ಮೇಲೂ ಮನೆಗೆ ಹೋಗಿ ಮಲಗಬೇಡಿ; ಬೇಲಿ ಕಟ್ಟುವ ದಿನ ಹಿಂಡನ್ನೇ ಹೊಡೆದುಕೊಂಡು ಹೋಗಿ. ದಾರಿ ಬಿಟ್ಟಿದ್ದೇವೆ ಎಂದು ಹೇಳಿ ಒಂದು ಆಡೂ ತೂರದಷ್ಟು ಸಂದಿ ಬಿಟ್ಟಿರುತ್ತಾರೆ.