ಸೀನು ಮಾಮನ ಏಳುವ ಚೆಂಡು

ಲಾಕ್‌ಡೌನಿನ ದಿನಗಳಲ್ಲಿ ಐರ್ಲೆಂಡಿನ ಅತ್ಲೋನ್ ಊರಿನ ನಮ್ಮ ಮನೆಯಲ್ಲಿ ಒದ್ದೆ ಚರ್ಮದ ವಾಸನೆ ಕಾಯಂ ಆಗಿತ್ತು. ಇಲ್ಲಿನ ಹರ್ಲಿಂಗ್ ಎಂಬ ಕೋಲಾಟದ ಚರ್ಮದ ಚೆಂಡನ್ನು ಮಗಳು ಮಳೆಯಲ್ಲೇ ಹಿತ್ತಲ ಗೋಡೆಗೆ ಬಡಿದು, ತಂದು ರೇಡಿಯೇಟರಿನ ಮೇಲೆ ಒಣಗಲು ಇಡುತ್ತಿದ್ದಳು. "ತೆಗಿಯೇ ಅದನ್ನ" ಎಂದರೆ "ಇಟ್ಸ್ ಗ್ರ್ಯಾಂಡ್, ಮ್ಯಾಮ್" ಎನ್ನುವಳು, ಇಲ್ಲಿಯವರ ಮಾತಿನಲ್ಲಿ 'ಏನಾಗಲ್ಲ ಬಿಡಮ್ಮ' ಅಂತ. ಆಸ್ಪತ್ರೆಯ ಪಾಳಿ ಮುಗಿಸಿ, ಮಾಸ್ಕಿನ ಗೆರೆ ಮೂಡಿದ ಮುಖ ಹೊತ್ತು ಬಂದ ನನಗೆ ಬೈಯಲೂ ತ್ರಾಣ ಇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಸುಮ್ಮನೆ ಅದನ್ನು ಕೈಗೆತ್ತಿಕೊಂಡೆ. ಸೀನು ಮಾಮನ ಬೇಸ್‌ಬಾಲಿನಂತೆಯೇ ಉಬ್ಬಿದ ಹೊಲಿಗೆ ಬೆರಳಿಗೆ ತಾಕಿತು. ಮಾಮ ತೀರಿಕೊಂಡು ಹದಿನೈದು ದಿನವಾಗಿತ್ತು.

ಮಾಮ ಅಮ್ಮನ ತಮ್ಮ. ಮೈಸೂರಿನ ವಠಾರದ ಮನೆಯಲ್ಲಿ ನಮ್ಮ ಜೊತೆಗೇ ಇದ್ದ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಊರೆಲ್ಲ ಕ್ರಿಕೆಟ್ ಎನ್ನುವಾಗ ಇವನಿಗೆ ಬೇಸ್‌ಬಾಲ್ ಹುಚ್ಚು. ತಾನು ಜೋರಾಗಿ ಎಸೆದ ಚೆಂಡು ಬ್ಯಾಟಿನ ಹತ್ತಿರ ಬಂದಾಗ ಮೇಲಕ್ಕೇಳುತ್ತದೆ ಎಂಬುದು ಅವನ ಹೆಮ್ಮೆ. ಅಮ್ಮ ವಿಜ್ಞಾನದ ಟೀಚರ್, ಬಿಟ್ಟಾಳೆಯೇ? "ಎಸೆದ ಚೆಂಡು ಬೀಳಲೇಬೇಕು ಕಣೋ" ಎನ್ನುವಳು. ಕೊನೆಗೊಂದು ಭಾನುವಾರ, ಅಂಗಳದಲ್ಲಿ ಒಂದರ ಹಿಂದೊಂದು ಕಟ್ಟಿದ್ದ ಬಟ್ಟೆ ಒಣಹಾಕುವ ಎರಡು ತಂತಿಗಳಿಗೂ ಹಳೆಯ ಪೇಪರ್ ಸಿಕ್ಕಿಸಿ, ಎರಡರಲ್ಲೂ ತೂತು ಬೀಳುವ ಹಾಗೆ ಎಸೆ ಎಂದಳು. ದೂರದ ಹಾಳೆಯ ತೂತು ಮೇಲಿದ್ದರೆ ಮಾಮ ಗೆದ್ದಂತೆ. ಅಮ್ಮ ಹೊಲಿಗೆ ಟೇಪು ಹಿಡಿದು ನೆಲದಿಂದ ಅಳೆದಳು. ಎಷ್ಟು ಸಲ ಎಸೆದರೂ ಆ ತೂತು ಕೆಳಗೇ. ಮಾಮನ ಮುಖ ಸಣ್ಣಗಾಯಿತು. ಹಾಳೆ ಕಿತ್ತೆಸೆದು, ನನ್ನ ಕೈಗೆ ಬ್ಯಾಟ್ ಕೊಟ್ಟು ನಿಲ್ಲಿಸಿ ಇನ್ನೊಂದು ಎಸೆದ. "ನೀನ್ ಹೇಳು ಪುಟ್ಟಿ, ಎದ್ದಿತೋ ಇಲ್ವೋ?" ನಾನು ಬೀಸಿದ ಬ್ಯಾಟಿನ ಮೇಲಿಂದ ಅದು ಹಾರಿದ್ದನ್ನು ಕಣ್ಣಾರೆ ಕಂಡಿದ್ದೆ. "ಎದ್ದಿತು ಮಾಮ" ಎಂದೆ. ಅಮ್ಮ ನಕ್ಕಳು. ಹಿಮ್ಮುಖವಾಗಿ ತಿರುಗುತ್ತ ಬರುವ ಚೆಂಡೂ ಬೀಳುತ್ತದೆ, ನಾವು ಅಂದುಕೊಂಡಷ್ಟು ಬೀಳುವುದಿಲ್ಲ, ಅದಕ್ಕೇ ಕಣ್ಣಿಗೆ ಎದ್ದಂತೆ ಕಾಣುತ್ತದೆ ಎಂದಳು. ಮಾಮ ಅವತ್ತು ಊಟಕ್ಕೆ ಬರಲಿಲ್ಲ. ಆ ವಠಾರವನ್ನು ಕೆಡವಿ ಎಷ್ಟೋ ವರ್ಷವಾಯಿತು.

ಎರಡನೇ ಅಲೆಯಲ್ಲಿ ಮಾಮನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ಹೋಗುವಂತಿರಲಿಲ್ಲ. ರಿಪೋರ್ಟು ನನ್ನ ಫೋನಿಗೆ ಬರುತ್ತಿತ್ತು. ಡಾಕ್ಟರಾದ ನಾನು ನೋಡಿ ಅಮ್ಮನಿಗೆ ಹೇಳಬೇಕು. "ಆಕ್ಸಿಜನ್ ಏರಿದ್ಯೇನೇ?" ಅಮ್ಮ ದಿನಾ ಕೇಳುವಳು. ದಿನಾ ಇಳಿಯುತ್ತಲೇ ಇತ್ತು, ನಾನು ಹೆದರಿದಷ್ಟು ಇಳಿದಿರುತ್ತಿರಲಿಲ್ಲ, ಅಷ್ಟೇ. ನನ್ನ ವಾರ್ಡಿನ ರೋಗಿಗಳ ಮನೆಯವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ ನಾನು, ಅಮ್ಮನಿಗೆ "ಏರ್ತಾ ಇದೆ" ಎಂದೆ. ಐದನೆಯ ದಿನ ಮಾಮ ಹೋದ.

ಚೆಂಡು ಕೈಯಲ್ಲಿರುವಾಗಲೇ ಅಮ್ಮನಿಗೆ ಫೋನ್ ಮಾಡಿದೆ. "ಸುಳ್ಳು ಹೇಳಿದ್ದೆ ಅಮ್ಮ. ಒಂದು ದಿನಾನೂ ಏರಿರಲಿಲ್ಲ."

"ಗೊತ್ತಿತ್ತು ಕಣೇ. ರಿಪೋರ್ಟು ನಂಗೂ ಬರ್ತಿತ್ತು, ಅಂಕಿ ಓದಕ್ಕೆ ಬರಲ್ವಾ ನಂಗೆ? ನಿನ್ನ ಬಾಯಲ್ಲಿ ಏರಿದೆ ಅಂತ ಕೇಳ್ಬೇಕಿತ್ತು." ಆಮೇಲೆ ಅವಳೇ ಮುಂದುವರಿಸಿದಳು: "ಅವತ್ತು ಅಂಗಳದಲ್ಲಿ ಅವನು ಎಸೆದಾಗ, ನನ್ನ ಕಣ್ಣಿಗೂ ಎದ್ದ ಹಾಗೇ ಕಂಡಿತ್ತು. ಅವನಿಗೆ ಹೇಳ್ಲೇ ಇಲ್ಲ ನೋಡು."