ಸಫ್ತಾ ಹೊತ್ತ ಮೈಲಿಗೆ

ಸಫ್ತಾಳಿಗೆ ಬೆಳಗಾಗುವುದೇ ಮೊಣಕಾಲಿನ ನೋವಿನಿಂದ. ಹಿಮ ಬಿದ್ದಿರಲಿ, ಕೆಸರಿರಲಿ, ತಲೆವಸ್ತ್ರ ಬಿಗಿದು ಊರಾಚೆ ರೋಮಾ ಜಿಪ್ಸಿಗಳ ಕೇರಿಯ ಮನೆಮನೆಗೆ ಹೋಗಿ ಮಕ್ಕಳನ್ನು ಎಬ್ಬಿಸಿ, ಮೂಗು ಒರೆಸಿ, ಹಿಂಡು ಕಟ್ಟಿಕೊಂಡು ಊರೊಳಗಿನ ಶಿಶುವಿಹಾರಕ್ಕೆ ನಡೆಸಬೇಕು. ಅಲ್ಲಿ ಟೀಚರ್ ಕೋರ್ನೆಲಿಯಾ ರೊಮೇನಿಯನ್ ಮಾತಿನಲ್ಲಿ ಹೇಳಿದ್ದನ್ನು ಮಕ್ಕಳಿಗೆ ಮನೆಮಾತಿನಲ್ಲಿ ತಿಳಿಸಬೇಕು, ಅತ್ತವರನ್ನು ಮಡಿಲಿಗೆಳೆದುಕೊಳ್ಳಬೇಕು, ಊರಿನ ಅಡುಗೆಯವಳು ತಿನ್ಕಾ ಬೇಯಿಸಿದ್ದನ್ನು ಉಣಿಸಬೇಕು. ತಾಮ್ರದ ಹಂಡೆ ಬಡಿಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಹಿಡಿದಾಗ ತಲೆಗೂದಲು ಕಪ್ಪಗಿತ್ತು.

ಸಂಬಳಕ್ಕಿಂತ ಹೆತ್ತ ಹೊಟ್ಟೆಯ ಸಂಕಟ ಅವಳನ್ನು ಅಲ್ಲಿ ಹಿಡಿದಿಟ್ಟಿತ್ತು. ಮಗ ಗ್ರೋಫೋ ಶಿಶುವಿಹಾರ ಕಾಣದೆ ನೇರ ಶಾಲೆಗೆ ಹೋದವನು. ಮೇಷ್ಟರ ಮಾತು ಒಂದೂ ತಿಳಿಯದೆ ಪಿಳಿಪಿಳಿ ಕಣ್ಣು ಬಿಟ್ಟು ಕೂತಿದ್ದಕ್ಕೆ, ಬುದ್ಧಿ ಬೆಳೆಯದವನೆಂದು ಬೇರೆ ಶಾಲೆಗೆ ದೂಡಿದರು. ಇಂದಿಗೂ ಅವನು ಊರವರ ಮುಂದೆ ತಲೆ ಎತ್ತುವುದಿಲ್ಲ. ಬರುವ ವರ್ಷ ಝಂಬೀಲಾ ಅಜ್ಜಿಯ ಮೊಮ್ಮಗಳು ಲುಲುದಿ ಶಾಲೆ ಸೇರಬೇಕು. ಅವಳಿಗೂ ಅದೇ ಗತಿಯಾಗಬಾರದು ಎಂಬುದೊಂದೇ ಸಫ್ತಾಳ ಹಟ. ಅಷ್ಟರಲ್ಲಿ ಆಗಬಾರದ್ದು ಆಯಿತು.

ಆ ದಿನ ಚಳಿಗೆ ನಲ್ಲಿ ಹೆಪ್ಪುಗಟ್ಟಿತ್ತು. ಲುಲುದಿ ಲಂಗ ಒದ್ದೆ ಮಾಡಿಕೊಂಡು ಮೂಲೆಯಲ್ಲಿ ಮುದುಡಿದ್ದಳು. ಬೇರೆ ಮಕ್ಕಳು ಕಂಡು ನಗುವ ಮೊದಲು ಸಫ್ತಾ ಅವಳನ್ನು ಶಾಲಿನಲ್ಲಿ ಸುತ್ತಿ ಒಲೆಯ ಪಕ್ಕ ಕೂರಿಸಿದಳು. ಅಡುಗೆಮನೆಯಲ್ಲಿ ಬೆಚ್ಚಗಿನ ನೀರಿದ್ದ ಬೋಗುಣಿ ಕಂಡಿತು. ಅದರಲ್ಲೇ ಲಂಗ ಅದ್ದಿ ಹಿಂಡಿದಳು. ಹಿಂಡಿದ ಮೇಲೆ ನೆನಪಾಯಿತು. ಅದು ಹಾಲಿನ ಬಟ್ಟಲು ತೊಳೆಯುವ ಬೋಗುಣಿ. ಸೊಂಟದ ಕೆಳಗಿನ ಬಟ್ಟೆ ಸೋಕಿದ ಪಾತ್ರೆ ಕೇರಿಯಲ್ಲಿ ಮತ್ತೆಂದೂ ಊಟದ ಹತ್ತಿರ ಸುಳಿಯುವಂತಿಲ್ಲ.

ಮಾರನೆಯ ದಿನ ಕೇರಿಯ ಒಂದು ಮಗುವೂ ಹೊರಡಲಿಲ್ಲ. ಸಫ್ತಾ ಝಂಬೀಲಾಳ ಮನೆ ಹೊಕ್ಕಳು. ಮುದುಕಿ ಅವಳಿಗೆಂದು ಕಾಫಿ ಬಗ್ಗಿಸುತ್ತಲೇ ಶುರುಮಾಡಿದಳು.

"ನಮ್ ಹುಡುಗಿ ಬರಲ್ಲ ಕಣೆ. ಅವಳ ಲಂಗ ಬಟ್ಟಲಿನ ಬೋಗುಣೀಲಿ ತೇಲ್ತಿತ್ತಂತೆ. ಅವಳೇ ನೋಡಿದಾಳೆ. ಥೂ!"

"ಅಮ್ಮಾ, ಸ್ವಲ್ಪ ಕೇಳು..."

"ಏನ್ ಕೇಳೋದು? ಆ ಅಡಿಗೆ ತಿನ್ಕಾನೇ ಮಾಡಿರ್ತಾಳೆ. ಊರವ್ರಿಗೆ ಸೊಂಟದ ಮೇಲ್ಯಾವ್ದು, ಕೆಳಗ್ಯಾವ್ದು ಗೊತ್ತಾ? ನಮ್ ನಾಯಿನೂ ಅವ್ರ ತಟ್ಟೇಲಿ ತಿನ್ನಲ್ಲ."

ಒಲೆಯ ಬಳಿ ಸೊಸೆ ಕಿಸಕ್ಕೆಂದಳು.

ಹೂಂ ಎಂದರೆ ಸಾಕಿತ್ತು. ಸಫ್ತಾಳ ಮಾನ ಉಳಿಯುತ್ತಿತ್ತು. ಆದರೆ ಊರವರ ಕೈಯ ತಟ್ಟೆ ಮುಟ್ಟಲು ಕೇರಿಯ ಒಬ್ಬ ಅಜ್ಜಿಯೂ ಮೊಮ್ಮಕ್ಕಳನ್ನು ಮತ್ತೆ ಕಳಿಸುತ್ತಿರಲಿಲ್ಲ. ಅವಳಿಗೆ ಯೋಚಿಸಲೂ ಆಯಾಸವಾಯಿತು.

"ತಿನ್ಕಾ ಅಲ್ಲ. ನಾನೇ."

"ಏನ್ ನೀನೇ?"

"ಲಂಗ ಅದ್ದಿದ್ದು. ಉಚ್ಚೆ ಹೊಯ್ಕೊಂಡ್ಳು ಅಂತ ಮಕ್ಳು ಆಡ್ಕೊಂಡ್ರೆ ಹುಡುಗಿ ಬಾಯೇ ಬಿಡಲ್ಲ ಅಂತ ಅವಸರ ಮಾಡ್ದೆ. ಸಾಕಾಗಿತ್ತಮ್ಮಾ. ತಲೆ ಓಡ್ಲಿಲ್ಲ."

ಝಂಬೀಲಾ ಬಗ್ಗಿಸಿದ ಕಾಫಿಯನ್ನು ಬೂದಿಗೆ ಸುರಿದಳು.

"ಊರವ್ರು ಮಾಡಿದ್ರೆ ಪಾಪ, ತಿಳೀದವ್ರು ಅಂತಿದ್ದೆ. ನೀನು ನಮ್ಮವಳಾಗಿ!"

"ಬೈಯಿ, ಎಷ್ಟು ಬೇಕಾದ್ರೂ ಬೈಯಿ. ಹುಡುಗೀನ ಮಾತ್ರ ಕಳ್ಸು. ನನ್ ಗ್ರೋಫೋನ ನೀನೇ ನೋಡ್ತಿದ್ದೀಯಲ್ಲ."

ಮುದುಕಿ ಬಾಗಿಲಾಚೆ ನೋಡಿದಳು. ಅಂಗಳದಲ್ಲಿ ಗಂಡಸರು ತಾಮ್ರ ಬಡಿಯುತ್ತಿದ್ದರು.

"ಆ ಬೋಗುಣಿ, ಬಟ್ಟಲು ಎಲ್ಲಾ ಬಿಸಾಕ್ಸು. ಬೋಗುಣಿ ನಮ್ಮವ್ರು ಹೊಸದು ಬಡಿದು ಕೊಡ್ತಾರೆ. ಯಾವ್ದಕ್ಕೆ ಯಾವ್ದು ಅಂತ ತಿನ್ಕಾಗೆ ನಾನೇ ಬಂದು ಹೇಳ್ತೀನಿ. ಅವಳೇ ಬಡಿಸ್ಲಿ. ಹಿರಿಯರು ಕೂತು ತೀರ್ಮಾನ ಮಾಡೋವರೆಗೆ ನೀನು ಮಕ್ಕಳ ರೊಟ್ಟಿ ಮುಟ್ಟಬೇಡ."

"ಆಯ್ತು."

"ನಮ್ಮನೆ ನೀರೂ ಕೇಳಬೇಡ."

"ಆಯ್ತಮ್ಮಾ."

ಕೋರ್ನೆಲಿಯಾ, "ಒಂದು ಬೋಗುಣಿಗೆ ಇಷ್ಟೆಲ್ಲಾ ಯಾಕ್ರೀ ಸಫ್ತಾ?" ಎಂದವಳು ಅವಳ ಮುಖ ನೋಡಿ ತಾನೇ ಬಟ್ಟಲುಗಳನ್ನು ಎತ್ತಿಕೊಟ್ಟಳು. ಪಾತ್ರೆಗಳೆಲ್ಲ ತಿಪ್ಪೆ ಸೇರಿದವು. ಹೇಳಿದ ಮಾತಿನಂತೆ ಝಂಬೀಲಾ ಹೊಸ ಬೋಗುಣಿ ಹೊತ್ತು ಬಂದು, ಅಡುಗೆಮನೆಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು, ತಿನ್ಕಾಳಿಗೆ ತನ್ನ ಹರಕುಮುರುಕು ರೊಮೇನಿಯನ್‌ನಲ್ಲಿ ಪಾಠ ಹೇಳಿದಳು. "ಅಜ್ಜಿ, ನಮ್ಮತ್ತೆನೂ ಇಷ್ಟು ಗದರಿಲ್ಲ" ಎಂದು ತಿನ್ಕಾ ನಕ್ಕಳು. ಝಂಬೀಲಾಳ ಹಿಂದೆ ಲುಲುದಿ ಇದ್ದಳು. ಅವಳ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಬಂದರು.

ಮಧ್ಯಾಹ್ನ ಊಟದ ಹೊತ್ತಿಗೆ ಸಫ್ತಾ ತಾನಾಗಿ ಹೊರಗೆ ಬಂದು, ಮಕ್ಕಳ ಕೋಟು ನೇತುಹಾಕುವ ಕೋಣೆಯ ಗಿಡ್ಡ ಬೆಂಚಿನ ಮೇಲೆ ಕೂತಳು. ಒಳಗೆ ಚಮಚಗಳ ಸದ್ದು. ಯಾವ ಮಗುವಿಗೆ ರೊಟ್ಟಿ ಮುರಿದು ನೆನೆಸಿ ಕೊಡಬೇಕು, ಯಾವುದು ಎಲೆಕೋಸು ಆರಿಸಿ ಪಕ್ಕಕ್ಕಿಡುತ್ತದೆ ಎಂಬುದೆಲ್ಲ ಅವಳ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಲುಲುದಿಯ ದನಿ ಕೇಳಿಸಿತು. ಹೇಳಿಕೊಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹುಡುಗಿ ತಡವರಿಸಿ, ರೊಮೇನಿಯನ್‌ನಲ್ಲೇ ಕೇಳಿದಳು: "ಇನ್ನೂ ಸೂಪು ಬೇಕು."

"ಕೊಡ್ತೀನಿ ಚಿನ್ನ," ಎಂದಿತು ತಿನ್ಕಾಳ ದನಿ.

ಒಳಗೆ ಹೋಗಿ ಆ ಬಾಯಿ ಒರೆಸಬೇಕೆನಿಸಿ ಸಫ್ತಾ ಅರ್ಧ ಎದ್ದಳು. ಮತ್ತೆ ಕೂತಳು. ಚೀಲದಿಂದ ತನ್ನ ರೊಟ್ಟಿ ತೆಗೆದು, ಒಬ್ಬಳೇ, ನಿಧಾನವಾಗಿ ಅಗಿಯತೊಡಗಿದಳು.